ನಿನಗೇನು ಸಿಗುತ್ತೆ ಅಂದೆಯಲ್ಲ

ತುಮಕೂರು

ಮುದ್ದಿನ ಪುಟ್ಟೀ,

ನಿನ್ನ ಭಾವನವರ ಮಂಡಿನೋವು ಸ್ವಲ್ಪ ತಗ್ಗಿದೆ, ಬಾಯಿ ಮಾತ್ರ ತಗ್ಗಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. “ಈ ವಯಸ್ಸಲ್ಲಿ ಬಿಂದಿಗೆ ಹೊತ್ತು, ಬೀದಿಯವರಿಗೆಲ್ಲ ನೀರಿಟ್ಟು, ಕಂಡವರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿನಗೇನಕ್ಕ ಸಿಗುತ್ತೆ?” ಅಂದೆ. ಆಗ ಏನೋ ಹೇಳಿ ನಕ್ಕುಬಿಟ್ಟೆ. ಆದರೆ ಅದಕ್ಕೆ ಮೊದಲು ನೀನೇ ಹೇಳಿದ್ದೆಯಲ್ಲ, ರಿಟೈರ್ ಆದಾಗಿನಿಂದ ಹೊತ್ತೇ ಹೋಗೋದಿಲ್ಲ, ಮಗನ ಫೋನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂತ. ಆ ಮಾತಿನ ಬೆನ್ನಿಗೇ ಬಂದ ಪ್ರಶ್ನೆ ಇದು. ಬರೀ ತಮಾಷೆಗೆ ಕೇಳಿದ್ದಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಿಗುತ್ತೆ ಕಣೇ. ಚೆನ್ನಾಗಿಯೇ ಸಿಗುತ್ತೆ. ಪುಣ್ಯದ ಮಾತಲ್ಲ, ಚಿತ್ರಗುಪ್ತ ನನ್ನ ಹೆಸರಲ್ಲಿ ಏನು ಜಮಾ ಮಾಡಿಕೊಂಡಿದ್ದಾನೋ ಅವನಿಗೇ ಗೊತ್ತು. ನಾನು ಹೇಳುತ್ತಿರುವುದು ಇಲ್ಲೇ, ಅದೇ ದಿನ ಸಂಜೆಯೊಳಗೆ ಸಿಗುವಂಥದ್ದನ್ನ.

ಶಿವರಾತ್ರಿ ಕಳೆಯುತ್ತಲೇ ಗೇಟಿನ ಪಕ್ಕದ ಹೊಂಗೆ ನೆರಳಲ್ಲಿ ಎರಡು ಹರವಿ ಇಡುತ್ತೇನೆ. ಕೆಳಗೆ ಮರಳು, ಸುತ್ತ ಒದ್ದೆ ಗೋಣಿ, ನೀರಿಗೆ ಬಟ್ಟೆಯಲ್ಲಿ ಕಟ್ಟಿದ ಲಾವಂಚದ ಬೇರು. ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ನೀರು ಜಿನುಗಿ ಹೊರಗೆ ಬಂದು ಆರುತ್ತೆ, ಆರುವಾಗ ಒಳಗಿನ ಕಾವನ್ನೂ ಎಳೆದುಕೊಂಡು ಹೋಗುತ್ತೆ. ಹಳೆಯದಾದ ಹಾಗೆ ಆ ತೂತುಗಳು ಕಟ್ಟಿಕೊಂಡು ನೀರು ಅಷ್ಟು ತಣ್ಣಗಾಗೋದಿಲ್ಲ. ಅದಕ್ಕೇ ವರ್ಷ ವರ್ಷ ಹೊಸ ಹರವಿ. ಲೋಟಕ್ಕೆ ಸರಪಳಿ ಹಾಕು ಅಂದರು ನಿನ್ನ ಭಾವ. ಹೋದರೆ ಒಂದು ಲೋಟ ಹೋಗುತ್ತೆ, ಸರಪಳಿ ಹಾಕಿ ನೀರು ಕೊಡೋದು ನನ್ನ ಕೈಲಾಗೋದಿಲ್ಲ ಅಂದೆ.

ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸು ಮೊದಮೊದಲು ಲೋಟ ಮುಟ್ಟುತ್ತಿರಲಿಲ್ಲ. ಸೊಂಟ ಬಗ್ಗಿಸಿ ಬೊಗಸೆಯೊಡ್ಡಿ, “ನೀವೇ ಹುಯ್ಯಿರಿ ಅಮ್ಮಾ” ಅನ್ನುತ್ತಿದ್ದಳು. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. 1927ರಲ್ಲಿ ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದರಲ್ಲ, ಅದು ಯಾರ ದಾನವೂ ಆಗಿರಲಿಲ್ಲ, ಹಕ್ಕು. ಹಾಗಾಗಿ ನೀರಿಟ್ಟಿದ್ದನ್ನ ದೊಡ್ಡ ಔದಾರ್ಯ ಅಂತ ಹೇಳಿಕೊಳ್ಳೋಕೆ ನನಗೆ ನಾಚಿಕೆ. ನಾನೂ ಅದೇ ಲೋಟದಲ್ಲಿ ಕುಡಿಯೋದನ್ನ ನಾಲ್ಕಾರು ದಿನ ನೋಡಿ ಅವಳೇ ಕೈಗೆ ಎತ್ತಿಕೊಂಡಳು. ಈಗ ನೋಡಬೇಕು ನೀನು! “ಏನಕ್ಕಾ, ಗಂಟೆ ಹನ್ನೊಂದಾಯ್ತು, ಹರವಿ ಒಣಗಿ ಕೂತದೆ!” ಅಂತ ಬೀದಿಗೆಲ್ಲ ಕೇಳೋ ಹಾಗೆ ಗದರುತ್ತಾಳೆ. ನಾನು ಬಿಂದಿಗೆ ತಗೊಂಡು ಓಡುತ್ತೇನೆ. ಕೆಲಸ ಬಿಟ್ಟ ಮೇಲೆ ನನ್ನನ್ನ ಗದರುವವರೇ ಇರಲಿಲ್ಲ ಕಣೇ. ಎಲ್ಲರೂ “ರೆಸ್ಟ್ ತಗೊಳ್ಳಿ ಮೇಡಂ” ಅನ್ನುವವರೇ. ನಾನು ಮಾಡದಿದ್ದರೆ ಒಬ್ಬರಿಗೆ ಕೊರತೆಯಾಗುತ್ತೆ ಅನ್ನೋದೇ ಒಂದು ಸಂಬಳ.

ಈಗ ಒಂದು ವಿಚಿತ್ರ ಹೇಳಲಾ? ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ದಿನಾ ಲಕ್ಷಗಟ್ಟಲೆ ದುಡ್ಡು ಜನರ ಕೈಗೆ ಕೊಟ್ಟವಳು ನಾನು. ಮಗಳ ಮದುವೆಗೆ ಅಂತ ಬಿಡಿಸಿಕೊಂಡವರಿದ್ದಾರೆ, ಆಸ್ಪತ್ರೆಗೆ ಅಂತ ಬಿಡಿಸಿಕೊಂಡವರಿದ್ದಾರೆ. ಕೊಡುವ ಸುಖ ಅಂತ ಒಂದು ದಿನವೂ ಅನ್ನಿಸಲಿಲ್ಲ. ಸಂಜೆ ಲೆಕ್ಕ ತಾಳೆಯಾದರೆ ಸಾಕಪ್ಪಾ ಅನ್ನಿಸುತ್ತಿತ್ತು, ಅಷ್ಟೇ. ಅದು ನನ್ನದಲ್ಲವಲ್ಲ!

ಇದನ್ನೇ ಮಗಳ ಹತ್ತಿರ ಹೇಳಿದ್ದಕ್ಕೆ ಅವಳು ನನ್ನನ್ನ ಕೂರಿಸಿಕೊಂಡು ಮನಶ್ಶಾಸ್ತ್ರದವರ ಪ್ರಯೋಗಗಳನ್ನ ಓದಿ ಹೇಳಿದಳು. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೆಲ್ ನಾರ್ಟನ್ ಅನ್ನುವ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಒಂದು. ಕೆನಡಾದ ವಿಶ್ವವಿದ್ಯಾಲಯದಲ್ಲಿ ಬೆಳಿಗ್ಗೆ ಕೆಲವರ ಕೈಗೆ 5 ಡಾಲರ್, ಕೆಲವರ ಕೈಗೆ 20 ಡಾಲರ್ ಇರುವ ಲಕೋಟೆ ಕೊಟ್ಟರಂತೆ. ಅರ್ಧ ಜನ ಅದನ್ನ ತಮಗೆ ಖರ್ಚು ಮಾಡಿಕೊಳ್ಳಬೇಕು, ಅರ್ಧ ಜನ ಬೇರೆಯವರಿಗೆ, ಸಂಜೆ ಐದರೊಳಗೆ. ಸಂಜೆ ಕೇಳಿದರೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಐದೋ ಇಪ್ಪತ್ತೋ, ಮೊತ್ತದಿಂದ ವ್ಯತ್ಯಾಸವಾಗಲಿಲ್ಲ. ಮಜಾ ಏನು ಗೊತ್ತಾ? ಏನಾಗಬಹುದು ಊಹಿಸಿ ಅಂತ ಬೇರೆ ಕೆಲವರನ್ನ ಕೇಳಿದರೆ, ಇಪ್ಪತ್ತು ಡಾಲರ್ ತಮಗೇ ಖರ್ಚು ಮಾಡಿಕೊಂಡರೆ ಹೆಚ್ಚು ಖುಷಿ ಅಂದರಂತೆ. ನಮ್ಮ ಖುಷಿ ಎಲ್ಲಿದೆ ಅಂತ ನಮಗೇ ಗೊತ್ತಿರೋದಿಲ್ಲ ನೋಡು.

ನನಗೆ ಅದಕ್ಕಿಂತ ಹಿಡಿಸಿದ್ದು 2012ರದ್ದು. ಎರಡು ವರ್ಷ ತುಂಬದ ಕೂಸುಗಳ ಮುಂದೆ ಬಟ್ಟಲಲ್ಲಿ ಬಿಸ್ಕತ್ತು ಇಟ್ಟು, ಎದುರಿಗೆ ಒಂದು ಕೈಬೊಂಬೆ ಕೂರಿಸಿದರಂತೆ. ಎಲ್ಲಿಂದಲೋ ಸಿಕ್ಕ ಬಿಸ್ಕತ್ತನ್ನ ಬೊಂಬೆಗೆ ಕೊಡುವಾಗಿನದಕ್ಕಿಂತ ತನ್ನದೇ ಬಟ್ಟಲಿಂದ ಎತ್ತಿಕೊಟ್ಟಾಗ ಮಗುವಿನ ಮುಖ ಹೆಚ್ಚು ಅರಳಿತಂತೆ. ಕೇಳಿದ ತಕ್ಷಣ ನನಗೆ ಅಮ್ಮ ನೆನಪಾದಳು.

ಕೋಲೆಬಸವನ ವಾಲಗ ಬೀದಿಯ ತುದಿಯಲ್ಲಿ ಕೇಳುತ್ತಲೇ ಅಮ್ಮ ಮೊರದಲ್ಲಿ ರಾಗಿ ತಂದು ನಿಂತುಕೊಳ್ಳುತ್ತಿದ್ದಳು. ತಾನು ಹಾಕುತ್ತಿರಲಿಲ್ಲ; ನಿನ್ನ ಪುಟ್ಟ ಬೊಗಸೆಗೆ ತುಂಬಿ, “ನೀನೇ ಹಾಕು” ಅನ್ನುತ್ತಿದ್ದಳು. ಅರ್ಧ ನೆಲಕ್ಕೆ, ಅರ್ಧ ಜೋಳಿಗೆಗೆ. ಬಸವ ತಲೆಯಾಡಿಸಿದರೆ ನನಗೇ ಆಡಿಸಿದ್ದು ಅಂತ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದೆ ನೀನು.

ಆದರೆ ಅಮ್ಮನ ವಿಷಯದಲ್ಲಿ ಇನ್ನೊಂದು ಮಾತಿದೆ, ಹೇಳದೆ ಇರಲಾರೆ. ಅವಳಷ್ಟು ಕೊಟ್ಟವರು ಯಾರು? ಎಲ್ಲರಿಗೂ ಬಡಿಸಿ, ಕಡೆಗೆ ತಳ ಹಿಡಿದ ಅನ್ನ, ಸಾರಿನ ಗಷ್ಟ ತಿಂದಳು. ಅದನ್ನ ತ್ಯಾಗ ಅಂತ ಹೊಗಳಿದರೇ ಹೊರತು ನಿನಗೆ ಇಷ್ಟವಾ ಅಂತ ಯಾರೂ ಕೇಳಲಿಲ್ಲ. ಅದರಿಂದ ಅವಳಿಗೆ ಖುಷಿಯಾಗುತ್ತಿತ್ತು ಅಂತ ನಾನಂತೂ ನಂಬೋದಿಲ್ಲ. ಅವಳು ಖುಷಿಯಾಗಿದ್ದನ್ನ ನೋಡಿದ್ದು ಸಾಸಿವೆ ಡಬ್ಬಿ ತೆಗೆದಾಗ. ತರಕಾರಿ ದುಡ್ಡಲ್ಲಿ ಉಳಿಸಿದ ನಾಣ್ಯ, ಮಡಿಸಿ ಮಡಿಸಿ ಅಡಗಿಸಿದ ನೋಟು. ಹಿತ್ತಲ ಮನೆ ಹುಡುಗಿಯ ಪರೀಕ್ಷೆ ಫೀಸಿಗೆ ಅದರಿಂದ ತೆಗೆದು ಕೊಟ್ಟ ದಿನ ಅಮ್ಮ ಪಾತ್ರೆ ತಿಕ್ಕುತ್ತಾ ಹಾಡು ಹೇಳಿಕೊಂಡಿದ್ದಳು. ಅಪ್ಪನಿಗೆ ಗೊತ್ತಾಗಲಿಲ್ಲ. ಅದೊಂದೇ ಅವಳದ್ದು, ಅವಳ ಕೈಯಿಂದ, ಅವಳ ಮನಸ್ಸಿನಿಂದ ಹೋದದ್ದು.

ಹಾಗಾಗಿ ನೀನು ಇಷ್ಟು ವರ್ಷ ಅತ್ತೆಯವರ ಸೇವೆ ಮಾಡಿದೆಯಲ್ಲ, ಅದನ್ನ ಈ ಲೆಕ್ಕಕ್ಕೆ ಸೇರಿಸಬೇಡ. ಅದು ದುಡಿತ. ಅದಕ್ಕೆ ಬೇಕಾಗಿರೋದು ವಿಶ್ರಾಂತಿ, ಇನ್ನಷ್ಟು ಔದಾರ್ಯದ ಉಪದೇಶ ಅಲ್ಲ. ಹೆಣ್ಣುಮಕ್ಕಳಿಗೆ “ಕೊಡೋದರಲ್ಲೇ ಸುಖ” ಅಂತ ಹೇಳುವವರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಒತ್ತಾಯಕ್ಕೆ ಕೊಡೋದೂ ಹಾಗೇ. ಗಣೇಶನ ಹಬ್ಬಕ್ಕೆ ಹುಡುಗರ ಗುಂಪು ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಾಗ ಕೊಡುತ್ತೇವಲ್ಲ, ಯಾವ ಸುಖ ಅದರಲ್ಲಿ? ಮುಯ್ಯಿನ ವಿಷಯವೂ ಅಷ್ಟೇ. ಮದುವೆಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆ ಮದುವೆಗೆ ಆ ಪುಟ ತೆಗೆದು ನೋಡಿ ನಾವು ಹಾಕುತ್ತೇವೆ. ಬೇಡ ಅನ್ನೋದಿಲ್ಲ, ಬಡವರ ಮದುವೆ ಎಷ್ಟೋ ಅದರಿಂದಲೇ ನಡೆದಿವೆ. ಆದರೆ ಸಾಲದ ಹಾಗೆ ಅದು ತೀರುತ್ತೆ, ಮನಸ್ಸಿನಲ್ಲಿ ಏನೂ ಉಳಿಯೋದಿಲ್ಲ.

ಇನ್ನು ಕೊಡುವವರಿಗೆ ತಗೊಳ್ಳೋದೂ ಗೊತ್ತಿರಬೇಕು. ಅಪ್ಪ ಸುಗ್ಗಿ ಮುಗಿದ ಮೇಲೆ ಸಿದ್ಧಗಂಗೆಯ ಮಠಕ್ಕೆ ರಾಗಿ ಮೂಟೆ ಇಳಿಸಿ, ಅಲ್ಲೇ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡು ಬರುತ್ತಿದ್ದರು, ನೆನಪಿದೆಯಾ? ಮೂಟೆ ತಂದವರೂ ಬರಿಗೈಯಲ್ಲಿ ಬಂದವರೂ ಅಕ್ಕಪಕ್ಕ. 2019ರಲ್ಲಿ 111ನೇ ವಯಸ್ಸಿಗೆ ಶಿವೈಕ್ಯರಾದ ಅಲ್ಲಿನ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳ ದಾಸೋಹ ನಡೆಸಿದ್ದರ ಹಿಂದೆ ಹೀಗೆ ಇಳಿದ ಮೂಟೆಗಳೆಷ್ಟೋ. ಅಪ್ಪ ಅಲ್ಲಿಂದ ಬಂದ ದಿನ ಮನೆಯಲ್ಲಿ ಯಾರ ಮೇಲೂ ರೇಗುತ್ತಿರಲಿಲ್ಲ. ನಾವು ಅದನ್ನೇ ಕಾಯುತ್ತಿದ್ದೆವು!

ನಮ್ಮ ಎದುರುಮನೆಯವರು ಬೆಂಗಳೂರಿನಿಂದ ಬಂದ ಹೊಸಬರು. ಯುಗಾದಿಗೆ ಒಬ್ಬಟ್ಟು ಕೊಟ್ಟೆ. ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ವಾಪಸ್ಸು ಕೊಟ್ಟರು. ಪಾಪ, ಯಾರೂ ಹೇಳಿಕೊಟ್ಟಿಲ್ಲ. ಖಾಲಿ ಡಬ್ಬಿ ಕೊಡಬಾರದಮ್ಮ, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಅಂದೆ. ನಿನ್ನ ಭಾವ ಒಳಗೆ ಕೂತು ತಲೆ ಚಚ್ಚಿಕೊಂಡರು, ಕೇಳಿ ತಗೊಳ್ಳುತ್ತಾಳೆ ಅಂತ. ಆದರೆ ನೋಡು, ಅವತ್ತಿನಿಂದ ಡಬ್ಬಿಗಳ ಓಡಾಟ ನಿಂತಿಲ್ಲ. ಸಕ್ಕರೆ ಹಾಕಿ ಕೊಟ್ಟವರು ಆಮೇಲೆ ಚಟ್ನಿಪುಡಿ ಹಾಕಿದರು, ಆಮೇಲೆ ಅವರ ಮಗಳ ಲೆಕ್ಕದ ಪುಸ್ತಕವೂ ಬಂತು. ಈಗ ಆ ಹುಡುಗಿ ವಾರಕ್ಕೆರಡು ಸಂಜೆ ನಮ್ಮ ಜಗುಲಿ ಮೇಲೆ. ಭಿನ್ನರಾಶಿ ಕಲಿಸಿದವಳು ನಾನು, ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟೋದನ್ನ ಕಲಿಸಿದವಳು ಅವಳು. ಯಾರು ಯಾರಿಗೆ ಕೊಟ್ಟರು ಅಂತ ಲೆಕ್ಕ ಹಾಕೋಕೆ ಹೋದರೆ ನನ್ನಂಥ ಕ್ಯಾಷಿಯರ್‌ಗೂ ತಾಳೆಯಾಗೋದಿಲ್ಲ.

ಇದೆಲ್ಲ ಮದ್ದು ಅಂತ ತಿಳಿಯಬೇಡ. ಆ ಲಕೋಟೆಯ ಪ್ರಯೋಗ ಮಾಡಿದವರು ನೋಡಿದ್ದೂ ಅದೇ ಸಂಜೆಯ ಖುಷಿಯನ್ನ. ನಿನ್ನ ಭಾವ ಹೋದ ವರ್ಷ ಆಪರೇಷನ್ ಆಗಿ ಮಲಗಿದ್ದಾಗ ನನ್ನ ಹರವಿಯ ನೀರು ನನ್ನ ಹೆದರಿಕೆಯನ್ನೇನೂ ಇಳಿಸಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಬರಲಿಲ್ಲ. ಬೆಳಿಗ್ಗೆ ಎದ್ದರೆ ಯಾರೋ ಹರವಿ ತುಂಬಿ ಹೋಗಿದ್ದರು. ಯಾರು ಅಂತ ನಾನು ವಿಚಾರಿಸಲಿಲ್ಲ, ಅನುಮಾನ ಇದೆ.

ನೀನು ಹರೇಕಳ ಹಾಜಬ್ಬನವರ ಹೆಸರು ತೆಗೆದು, “ಅಂಥವರು ಮಾಡಲಿ, ನಮ್ಮಿಂದೇನಾಗುತ್ತೆ” ಅಂದೆ. ಮಂಗಳೂರಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಊರಿಗೆ ಶಾಲೆ ತಂದವರು ಅವರು. 2020ರಲ್ಲಿ ಪದ್ಮಶ್ರೀ ಪ್ರಕಟವಾದಾಗ ನಾವೆಲ್ಲ ಟೀವಿ ಮುಂದೆ ಕಣ್ಣೊರೆಸಿಕೊಂಡೆವು, ಚಾನೆಲ್ ಬದಲಾಯಿಸಿದೆವು. ಇಂಥವರನ್ನ ಗುಡಿಯಲ್ಲಿ ಕೂರಿಸಿಬಿಟ್ಟರೆ ನಮಗೆ ಭಾರಿ ಅನುಕೂಲ, ಏನೂ ಮಾಡಬೇಕಾಗಿಲ್ಲ! ವಿದೇಶದವರೊಬ್ಬರು ಕಿತ್ತಳೆಯ ಬೆಲೆ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಹೇಳಲಾಗದೆ ನಿಂತದ್ದೇ ಅವರಿಗೆ ಶಾಲೆಯ ಯೋಚನೆ ಹುಟ್ಟಿಸಿತಂತೆ. ತನಗೆ ಯಾವುದು ಸಿಗಲಿಲ್ಲವೋ ಅದನ್ನೇ ಕೊಡಲು ಹೊರಟರು. ನಿನ್ನ ಹತ್ತಿರವೂ ಹಾಗೊಂದು ಇರಬೇಕಲ್ಲ, ಯೋಚನೆ ಮಾಡು.

ನನ್ನನ್ನ ಕೇಳಿದರೆ ಹೊಲಿಗೆಯಿಂದ ಶುರು ಮಾಡು ಅನ್ನುತ್ತೇನೆ. ಮೈಸೂರಲ್ಲಿ ನಿಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವ ಹೆಂಗಸರು ಎಷ್ಟು ಜನ! ಕಿತ್ತ ಜಿಪ್, ಬಿಗಿಯಾದ ರವಿಕೆ, ಮಕ್ಕಳ ಯೂನಿಫಾರ್ಮಿನ ಬಿಚ್ಚಿದ ಅಂಚು ಎಲ್ಲರ ಮನೆಯಲ್ಲೂ ಇರುತ್ತೆ. ನಿನ್ನ ಮಿಷನ್ನು ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದೆ. ಬುಧವಾರ ಮಧ್ಯಾಹ್ನ ಮಾತ್ರ ಅಂತ ಹೇಳು, ದಿನಾ ಅನ್ನಬೇಡ, ನಿನಗೇ ಬೇಜಾರಾಗುತ್ತೆ. ಮನಸ್ಸಿಲ್ಲದ ದಿನ ಇಲ್ಲ ಅನ್ನೋದನ್ನೂ ಕಲಿ. ಯಾರಾದರೂ ಬದಲಿಗೆ ಎರಡು ನುಗ್ಗೆಕಾಯಿ ತಂದುಕೊಟ್ಟರೆ ಬೇಡ ಬೇಡ ಅಂತ ನಾಟಕ ಆಡದೆ ತಗೊಂಡು ಹುಳಿ ಮಾಡು.

ಮುಂದಿನ ತಿಂಗಳು ಬರುತ್ತೇನೆ. ಮಿಷನ್ನಿಗೆ ಎಣ್ಣೆ ಬಿಟ್ಟು, ಬೆಲ್ಟ್ ಸರಿಯಿದೆಯಾ ನೋಡಿಡು. ನನ್ನ ಎರಡು ರವಿಕೆ ಬಿಗಿಯಾಗಿವೆ, ಮೊದಲ ಗಿರಾಕಿ ನಾನೇ. ಕೂಲಿ ಕೇಳಬೇಡ, ಕೊಡೋದಿಲ್ಲ.

ನಿನ್ನ
ಅಕ್ಕ