ಸ್ಕ್ರೂಬಿಯ ಅಗಳು

ಅಗಳೆಂದೊಡನೆ ಕೋಟೆಯೂ ಕೊತ್ತಳವೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಕೋಟೆಗಲ್ಲದೆ ವಾಸದ ಮನೆಗೆ ತೋಡಿದ ಅಗಳುಗಳು ಇಂಗ್ಲೆಂಡಿನಲ್ಲಿ ಸುಮಾರು 6,000 ಇವೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇವುಗಳಲ್ಲಿ ಹೆಚ್ಚಿನವು 1250ರಿಂದ 1350ರ ವರೆಗಿನ ಕಾಲದವು. ಜಹಗೀರುದಾರರು ತಮ್ಮ ಮನೆಯ ಸುತ್ತ ಅಗಲವಾದ ಕಂದಕವನ್ನು ತೋಡಿಸಿ ನೀರು ನಿಲ್ಲಿಸುತ್ತಿದ್ದರು. ಕಳ್ಳಕಾಕರನ್ನು ತಡೆಯಲು ಅದು ಸಾಕು, ದಂಡನ್ನು ತಡೆಯಲು ಸಾಲದು. ಮುಖ್ಯವಾಗಿ ಅದು ಮನೆತನದ ಹಿರಿಮೆಯನ್ನು ಸಾರುವ ಗುರುತಾಗಿತ್ತು.

ನಾಟಿಂಗ್‌ಹ್ಯಾಂ ಸೀಮೆಯ ಉತ್ತರದ ಅಂಚಿನಲ್ಲಿ, ರೈಟನ್ ಎಂಬ ಕಿರುಹೊಳೆಯ ದಡದಲ್ಲಿರುವ ಸ್ಕ್ರೂಬಿ ಗ್ರಾಮದಲ್ಲಿ ಅಂತಹದೊಂದು ಸ್ಥಳವುಂಟು. ಇಲ್ಲಿದ್ದ ಮನೆಯು ಯಾರ್ಕಿನ ಆರ್ಚ್‌ಬಿಷಪ್ಪರದು. ಲಂಡನ್ನಿನಿಂದ ಉತ್ತರಕ್ಕೆ ಸಾಗುವ ಹೆದ್ದಾರಿ ಈ ಊರನ್ನು ಹಾದುಹೋಗುತ್ತಿದ್ದುದರಿಂದ ದೊಡ್ಡವರು ಇಲ್ಲಿ ಬಿಡಾರ ಮಾಡುತ್ತಿದ್ದರು. ದೊರೆ ಎಂಟನೆಯ ಹೆನ್ರಿಯ ಅವಕೃಪೆಗೆ ಗುರಿಯಾದ ಕಾರ್ಡಿನಲ್ ವುಲ್ಸಿಯು 1530ರಲ್ಲಿ ಇಲ್ಲಿ ತಂಗಿದ್ದನು; ಆ ವರ್ಷ ಮುಗಿಯುವ ಮುನ್ನವೇ ತೀರಿಕೊಂಡನು. ಅದೇ ಶತಮಾನದಲ್ಲಿ ಇದನ್ನು ಕಂಡ ಜಾನ್ ಲೀಲಂಡನು, ಅಗಳಿನ ನಡುವೆ ಎರಡು ಅಂಗಳಗಳುಳ್ಳ, ಬಹುಪಾಲು ಮರದಿಂದ ಕಟ್ಟಿದ ದೊಡ್ಡ ಮನೆಯೆಂದು ಬರೆದಿಟ್ಟಿದ್ದಾನೆ.

ಮುಂದೆ ವಿಲಿಯಂ ಬ್ರೂಸ್ಟರನೆಂಬಾತನು ರಾಜನ ಅಂಚೆಯ ಅಧಿಕಾರಿಯಾಗಿ ಇಲ್ಲಿ ವಾಸಿಸಿದನು. ದೇಶದ ಚರ್ಚಿನಿಂದ ಬೇರೆಯಾಗಿ ತಮ್ಮ ಅಂತಃಕರಣಕ್ಕೆ ಒಪ್ಪುವಂತೆ ದೇವರನ್ನು ಭಜಿಸಬೇಕೆಂದ ಕೆಲವರು ಈ ಮನೆಯಲ್ಲೇ ಗುಟ್ಟಾಗಿ ಸೇರುತ್ತಿದ್ದರು. ಆರ್ಚ್‌ಬಿಷಪ್ಪರ ಮಾಡಿನ ಕೆಳಗೇ ಅವರ ಚರ್ಚನ್ನು ತೊರೆದವರ ಸಭೆ! ಕಿರುಕುಳ ಹೆಚ್ಚಲು ಅವರು ದೇಶ ಬಿಡಲು ನಿಶ್ಚಯಿಸಿದರು. 1607ರಲ್ಲಿ ಬಾಸ್ಟನ್ ಪಟ್ಟಣದಲ್ಲಿ ಹಡಗು ಹತ್ತುವಾಗ ಸಿಕ್ಕಿಬಿದ್ದು ಸೆರೆಮನೆಯನ್ನು ಕಂಡರು. ಮರುವರ್ಷ ಹಾಲೆಂಡನ್ನು ಸೇರಿದರು. 1620ರಲ್ಲಿ ಅಮೇರಿಕೆಗೆ ಹೊರಟ ಮೇಫ್ಲವರ್ ಹಡಗಿನಲ್ಲಿ ಬ್ರೂಸ್ಟರನೂ ಇದ್ದನು.

ಮನೆಯ ಬಹುಭಾಗವನ್ನು 17ನೆಯ ಶತಮಾನದಲ್ಲಿ ಕೆಡವಿದರು. ಉಳಿದ ತುಂಡು ಒಕ್ಕಲಿನ ಮನೆಯಾಯಿತು. ಅದನ್ನು ಬಿಟ್ಟರೆ ಇಂದು ನೋಡಲು ಸಿಗುವುದು ಹುಲ್ಲು ಮುಚ್ಚಿದ ತಗ್ಗುದಿಣ್ಣೆಗಳೇ. ನೋಡುವುದಕ್ಕೆ ಏನೂ ಇಲ್ಲವೆಂದು ತೋರುವ ಇಂತಹ ನೆಲವನ್ನು ಆ ದೇಶದವರು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸುತ್ತಾರೆ. 1979ರ ಕಾಯಿದೆಯಂತೆ, ಪಟ್ಟಿಗೆ ಸೇರಿದ ನೆಲವನ್ನು ಸರಕಾರದ ಅಪ್ಪಣೆಯಿಲ್ಲದೆ ಅಗೆಯಲಾಗದು. ಅದಕ್ಕೆ ಕಾರಣವುಂಟು. ಅಗಳಿನ ಒದ್ದೆ ಕೆಸರಿಗೆ ಗಾಳಿ ತಾಗದಾದ್ದರಿಂದ ಬೇರೆಡೆ ಕೊಳೆತುಹೋಗುವ ಮರ, ತೊಗಲು, ಕಾಳುಬೀಜಗಳು ಅಲ್ಲಿ ಶತಮಾನಗಳ ಕಾಲ ಉಳಿಯಬಲ್ಲವು. ಒಮ್ಮೆ ಆಳವಾಗಿ ಉತ್ತರೆ ಆ ಸಾಕ್ಷ್ಯವೆಲ್ಲ ಕಲಸಿಹೋಗುವುದು.

ಸಿರಿವಂತರು ಹಿರಿಮೆಗಾಗಿ ಕಟ್ಟಿದ ಮನೆ ಅಳಿಯಿತು. ಬರಿಗೈಯಲ್ಲಿ ಹೊರಟವರ ಹೆಸರು ಉಳಿಯಿತು. ಎರಡಕ್ಕೂ ಸಾಕ್ಷಿಯಾದ ಮಣ್ಣನ್ನು ಮುಟ್ಟದೆ ಬಿಡುವುದೂ ಹಿರಿಯರಿಗೆ ಸಲ್ಲಿಸುವ ಒಂದು ಗೌರವವೇ ಅಲ್ಲವೆ?