ಅಜ್ಜಿಯ ಎಡಗೆನ್ನೆ

ಮಳೆ ನಿಲ್ಲಲಿ ಎಂದು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಿದ್ದಾಗ ದಪ್ಪನೆಯ ಚಿತ್ರಸಂಪುಟವೊಂದು ಕೈಗೆ ಸಿಕ್ಕಿತು. ಕನ್ನಡ ಮೇಷ್ಟರಿಗೂ ಮೊಗಲರ ಚಿತ್ರಗಳಿಗೂ ಎಲ್ಲಿಯ ನಂಟು ಎಂದು ಕೇಳುವವರು ತಪ್ಪನ್ನು ಮಳೆಯ ಮೇಲೆ ಹಾಕಬೇಕು. ಹಾಳೆ ಮಗುಚುತ್ತ ಹೋದವನು ಒಂದು ಕಡೆ ತಡೆದು ನಿಂತೆ. ‘ತೈಮೂರ್ ಮನೆತನದ ರಾಜಕುಮಾರರು’ ಎಂಬ ಚಿತ್ರ. 1913ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಹತ್ತಿಬಟ್ಟೆಯ ಮೇಲೆ ಬರೆದದ್ದು, ಉದ್ದಗಲ ಎರಡೂ ಮೀಟರಿಗಿಂತ ಮಿಗಿಲು. ಸುಮಾರು 1550–55ರಲ್ಲಿ ಹುಮಾಯೂನನ ಆಸ್ಥಾನದಲ್ಲಿ ತಯಾರಾದದ್ದು. ತೋಟದ ನಡುವೆ ಮಂಟಪ, ಅದರಲ್ಲಿ ಹುಮಾಯೂನ್, ಸುತ್ತಲೂ ಅವನ ವಂಶದವರು. ಆದರೆ ಚಿತ್ರದ ದೊಡ್ಡ ದೊಡ್ಡ ಭಾಗಗಳೇ ಇಲ್ಲ. ಹಳೆಯ ಚಿತ್ರಗಳು ಹಾಳಾಗುವುದಕ್ಕೆ ಗೆದ್ದಲು, ತೇವಗಳೇ ಬೇಕಿಲ್ಲ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಬಣ್ಣ ಕಾಲಕ್ರಮದಲ್ಲಿ ತನ್ನ ಕೆಳಗಿನ ಕಾಗದವನ್ನೇ ತಿನ್ನುತ್ತದೆ. ಉಂಡ ಮನೆಗೆ ಎರಡು ಬಗೆಯುವ ಬಣ್ಣ!

ನನಗೆ ಹುಳು ತಿಂದ ಓಲೆಗರಿ ನೆನಪಾಯಿತು. ಗ್ರಂಥ ಸಂಪಾದಿಸುವಾಗ ಅಕ್ಷರ ಹೋದಲ್ಲಿ ಚುಕ್ಕಿಯಿಟ್ಟು ಮುಂದೆ ಸಾಗುತ್ತೇವೆ. ಅಲ್ಲಿ ತನ್ನ ಪದ್ಯ ತುರುಕಿದ ಲಿಪಿಕಾರನನ್ನು ತರಗತಿಯಲ್ಲಿ ಮನಸಾರೆ ಬೈದವನು ನಾನು.

ಈ ಚಿತ್ರದಲ್ಲೂ ಅಂಥ ಪ್ರಕ್ಷೇಪವಿದೆ. ಹುಮಾಯೂನ್ 1556ರಲ್ಲಿ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. (ಓದಿದವನು ನಮ್ಮ ಮೆಟ್ಟಿಲ ಕಡೆಗೊಮ್ಮೆ ನೋಡಿದೆ.) ಮೊಮ್ಮಗ ಜಹಾಂಗೀರ್ ಹುಟ್ಟಿದ್ದು 1569ರಲ್ಲಿ. ಆದರೂ ಅಕ್ಬರನ ಜೊತೆಗೆ ಜಹಾಂಗೀರನೂ ಅವನ ಮಗ ಷಹಜಹಾನನೂ ಹುಮಾಯೂನನ ಎದುರಿಗೆ ಬಂದು ಕೂತಿದ್ದಾರೆ! ಜಹಾಂಗೀರನ ಕಾಲದ ಚಿತ್ರಕಾರರು ಸೇರಿಸಿದ್ದು.

ಈ ಸಲ ಬೈಯಲು ನನಗೆ ಬಾಯಿ ಬರಲಿಲ್ಲ.

ನಮ್ಮಪ್ಪನಿಗೆ ಆರು ವರ್ಷವಿದ್ದಾಗಲೇ ಅವರ ತಾಯಿ ತೀರಿಕೊಂಡರು. ಇರುವುದು ಒಂದೇ ಫೋಟೋ. ಅದರಲ್ಲೂ ಎಡಗೆನ್ನೆಯನ್ನು ಗೋಡೆಯ ತೇವ ತಿಂದುಹಾಕಿದೆ. ಹೋದ ವರ್ಷ ಅದನ್ನು ಒಂದು ಸ್ಟುಡಿಯೋಗೆ ಒಯ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗ, “ನಿಮ್ಮ ಮನೇಲಿ ಯಾರಾದರೂ ಇವರ ಹಾಗಿದಾರಾ ಸಾರ್?” ಎಂದ. ನನ್ನ ತಂಗಿಗೆ ಅಜ್ಜಿಯದೇ ಮುಖ ಎಂದು ಅತ್ತೆ ಹೇಳುತ್ತಿದ್ದುದುಂಟು. ತಂಗಿಯ ಫೋಟೋ ಕೊಟ್ಟೆ. ಮೂರೇ ದಿನದಲ್ಲಿ ಅಜ್ಜಿ ಸಂಪೂರ್ಣಳಾಗಿ ಬಂದಳು.

ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. “ಚೆನ್ನಾಗಿದೆ ಕಣೋ. ನಮ್ಮ ಸುಮನೇ ಕೂತ ಹಾಗಿದೆ,” ಎಂದರು. ಸ್ವಲ್ಪ ತಡೆದು, “ಹಳೇದನ್ನ ವಾಪಸು ತಂದೆ ತಾನೇ?” ಎಂದರು.

ತಂದಿದ್ದೆ. ಸ್ಟುಡಿಯೋದ ಹುಡುಗ ಮೂಲವನ್ನು ಮುಟ್ಟಿರಲಿಲ್ಲ. ಜಹಾಂಗೀರನ ಚಿತ್ರಕಾರರಿಗೆ ಆ ಅನುಕೂಲವಿರಲಿಲ್ಲ. ಅವರು ಬರೆದದ್ದು ಮೂಲದ ಮೇಲೆಯೇ. ತಾನು ಕಣ್ಣಾರೆ ಕಾಣದ ತಾತನ ಎದುರು ಒಂದಿಷ್ಟು ಜಾಗ ಮಾಡಿಕೊಳ್ಳಬೇಕೆಂದು ಮೊಮ್ಮಗನಿಗೆ ಅನ್ನಿಸಿದ್ದನ್ನು ನಾನು ಯಾವ ಬಾಯಲ್ಲಿ ಆಕ್ಷೇಪಿಸಲಿ? ಬಾದಶಹನಿಗೆ ರಾಜ್ಯದ ಹಕ್ಕಿನ ಲೆಕ್ಕವೂ ಇದ್ದೀತು. ನನಗೆ ಅದೂ ಇರಲಿಲ್ಲ.

ಹೊಸ ಪಟ ನಡುಮನೆಯಲ್ಲಿದೆ. ಬಂದವರೆಲ್ಲ ಮೆಚ್ಚಿ ಹೋಗುತ್ತಾರೆ. ಹಳೆಯದು ಅಪ್ಪನ ಬೀರುವಿನಲ್ಲಿ, ಪಂಚಾಂಗದ ಕೆಳಗೆ. ಅಜ್ಜಿಯ ತಿಥಿಯ ದಿನ ಅವರು ಹೊರಗೆ ತೆಗೆದಿಡುವುದು ಅದನ್ನೇ.