ಬಲೂನಿನೊಳಗೆ ಎರಡೇ ಸಾಲು

ನನ್ನ ತಂಗಿಯ ಮಗಳಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಮಾಡುತ್ತಾರಂತೆ. ಕಳೆದ ದೀಪಾವಳಿಗೆ ಬಂದವಳು ಲ್ಯಾಪ್‌ಟಾಪ್ ನನ್ನ ಕಡೆಗೆ ತಿರುಗಿಸಿ ಕೇಳಿದಳು: "ಮಾವ, ಈ ಚೌಕ ಅಂದ್ರೆ ಒಂದು ಪಂಪು. ಇದರ ಹೆಸರು, ನಂಬರು, ಎಷ್ಟು ಎಚ್‌ಪಿ, ಯಾವ ಕಂಪನಿಯದ್ದು, ಎಲ್ಲ ಚೌಕದ ಒಳಗೇ ತೋರಿಸಿ ಅಲ್ಲೇ ತಿದ್ದುವ ಹಾಗೆ ಮಾಡುದಾ, ಪಕ್ಕದಲ್ಲಿ ಬೇರೆ ಪಟ್ಟಿ ಕೊಡುದಾ? ನಿಮ್ಮ ಕಾಲದಲ್ಲಿ ಹೇಗಿತ್ತು?"

ಇದೇ ಪ್ರಶ್ನೆಗೆ ಬೊಂಬಾಯಿಯ ಜೋಗೇಶ್ವರಿಯಲ್ಲಿ ಎಷ್ಟು ಜಗಳ ನಡೆದಿದೆ ಎಂದು ಅವಳಿಗೆ ಹೇಗೆ ಗೊತ್ತಿರಬೇಕು? ಪಶ್ಚಿಮದಲ್ಲಿ, ಎಸ್.ವಿ. ರೋಡಿನಿಂದ ಓಶಿವರಾ ಕಡೆಗೆ ಹೋಗುವಾಗ ಸಿಗುತ್ತಿದ್ದ ಗಾಳಾಗಳ, ಅಂದರೆ ಅಂಗಡಿ-ವರ್ಕ್‌ಶಾಪುಗಳ, ಸಾಲಿನಲ್ಲಿ, ಮಾಳಿಗೆಯ ಮೇಲೆ ನಮ್ಮ ಡ್ರಾಯಿಂಗ್ ಆಫೀಸು. ಕೆಳಗೆಲ್ಲ ಫರ್ನಿಚರಿನವರು. ಸಾಗುವಾನಿ ಹೊಟ್ಟು, ಪಾಲಿಶ್ ವಾಸನೆ ಮೆಟ್ಟಿಲಲ್ಲೇ ಎದುರಾಗುತ್ತಿತ್ತು. ಮೇಲೆ ಹತ್ತಿದರೆ ಅಮೋನಿಯಾ. ಟ್ರೇಸಿಂಗ್ ಹಾಳೆಯ ಅಡಿಗೆ ಲೇಪ ಹಚ್ಚಿದ ಕಾಗದವಿಟ್ಟು ಬೆಳಕಿಗೆ ಒಡ್ಡಿ, ಅಮೋನಿಯಾದ ಆವಿಯಲ್ಲಿ ಹಾಯಿಸಿದರೆ ಗೆರೆಗಳು ನೀಲಿಯಾಗಿ ಮೂಡುತ್ತಿದ್ದವು. ಪ್ರಿಂಟು ಹೊರಬರುವಾಗ ಘಾಟಿಗೆ ಕಣ್ಣಲ್ಲಿ ನೀರು. ಶರ್ಟಿಗೆ ಹತ್ತಿದ ಆ ವಾಸನೆಗೆ ಲೋಕಲ್ ಗಾಡಿಯಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು. ಇವತ್ತಿಗೂ ಎಲ್ಲಾದರೂ ಆ ಘಾಟು ಬಂದರೆ ನನಗೆ ಹಿತವಾಗುತ್ತದೆ, ಶ್ವಾಸಕ್ಕೆ ಅದು ಒಳ್ಳೆಯದಲ್ಲವೆಂದು ಗೊತ್ತಿದ್ದೂ.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಕಾರ್ಕಳ ಕಡೆಯವರು. ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಹುಡುಗನಾಗಿ ಬೊಂಬಾಯಿಗೆ ಬಂದು, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಡ್ರಾಯಿಂಗ್ ಕಲಿತವರು. ಆ ರಾತ್ರಿ ಶಾಲೆಗಳಿಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಹೋಟೆಲಿನ ಹಿಂಬಾಗಿಲಿನಲ್ಲೇ ಮುದುಕರಾಗುತ್ತಿದ್ದರು. ಮಾಸ್ತರರ ಕೈಬರಹ ಸ್ಟೆನ್ಸಿಲ್ಲಿಗಿಂತ ನೇರ. ಕೆಲಸಕ್ಕೆ ಕೂರುವ ಮೊದಲು ಕೈ ತೊಳೆದು, ಅಂಗೈಯ ಬೆವರು ತಾಗದಂತೆ ಹಾಳೆಯ ಮೇಲೆ ಮಡಿಸಿದ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಟ್ರೇಸಿಂಗ್ ಹಾಳೆ ತೇವ ಹೀರಿ ಉಬ್ಬುತ್ತದೆ. ಆಗ ಅವರ ಟೇಬಲ್ಲಿನ ಬಳಿ ಚಹಾ ತರಲೂ ಬಿಡುತ್ತಿರಲಿಲ್ಲ.

ನಾವು ಬರೆಯುತ್ತಿದ್ದುದು ತಾರಾಪುರ, ಅಂಬರನಾಥದ ಕೆಮಿಕಲ್ ಕಾರ್ಖಾನೆಗಳಿಗೆ. ಯಾವ ಪೈಪು ಎಲ್ಲಿಂದ ಎಲ್ಲಿಗೆ, ಯಾವ ಮೀಟರು ಎಲ್ಲಿ ಕೂತಿದೆ ಎಂದು ಹೇಳುವ ಪಿ ಆ್ಯಂಡ್ ಐಡಿ ನಕ್ಷೆಗಳು. ಪ್ರತಿ ಮೀಟರಿಗೂ ಒಂದು ಪುಟ್ಟ ವೃತ್ತ, ನಮ್ಮ ಮಾತಿನಲ್ಲಿ ಬಲೂನ್. ಅಮೆರಿಕದ ಐಎಸ್‌ಎ ಮಾನಕ 5.1ರಂತೆ ಅದರ ಅಗಲ ಸುಮಾರು 7/16 ಇಂಚು, ಅಂದರೆ 11 ಮಿಲಿಮೀಟರು. ಮೇಲೆ ಅಕ್ಷರ, ಕೆಳಗೆ ನಂಬರು. ಮೊದಲ ಅಕ್ಷರ ಪಿ ಆದರೆ ಒತ್ತಡ, ಟಿ ಆದರೆ ಉಷ್ಣತೆ, ಎಫ್ ಹರಿವು, ಎಲ್ ಟ್ಯಾಂಕಿನ ಮಟ್ಟ. ಎಫ್‌ಐಸಿ 101 ಎಂದರೆ 101ನೇ ಲೂಪಿನಲ್ಲಿ ಹರಿವನ್ನು ತೋರಿಸಿ ಹತೋಟಿಯಲ್ಲಿಡುವ ಉಪಕರಣ. ವೃತ್ತದ ನಡುವೆ ಗೆರೆ ಇಲ್ಲದಿದ್ದರೆ ಅದು ಪೈಪಿನ ಬಳಿಯೇ ಇದೆ; ಅಡ್ಡಗೆರೆ ಇದ್ದರೆ ಕಂಟ್ರೋಲ್ ರೂಮಿನ ಪ್ಯಾನೆಲ್ ಮೇಲೆ; ತುಂಡುಗೆರೆಯಾದರೆ ಪ್ಯಾನೆಲ್ಲಿನ ಹಿಂದೆ. ಎರಡೂವರೆ ಮಿಲಿಮೀಟರ್ ಎತ್ತರದ ಅಕ್ಷರ, 0.25ರ ರಾಟ್ರಿಂಗ್ ಪೆನ್ನು. ನಾಲ್ಕಕ್ಷರ ದಾಟಿದರೆ ವೃತ್ತದ ಗೆರೆಗೆ ತಾಗುತ್ತದೆ.

ಒಮ್ಮೆ ತಾರಾಪುರದ ಒಂದು ಕಾರ್ಖಾನೆಯ ಇಂಜಿನಿಯರು ಬಂದು ಪಟ್ಟು ಹಿಡಿದರು. ಮೀಟರು ಯಾವ ಕಂಪನಿಯದ್ದು, ಎಷ್ಟರಿಂದ ಎಷ್ಟರವರೆಗೆ ಅಳೆಯುತ್ತದೆ, ಎಷ್ಟಕ್ಕೆ ಅಲಾರಂ ಕೂಗುತ್ತದೆ, ಎಲ್ಲವೂ ಬಲೂನಿನೊಳಗೇ ಬೇಕು. ಮಾಸ್ತರು ಪೆನ್ಸಿಲ್ ಕೆಳಗಿಟ್ಟರು. "ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು ಸಾಹೇಬರೇ. ಯಾವುದನ್ನು ತೆಗೆಯಲಿ, ಹೇಳಿ." ಇಂಜಿನಿಯರು ವೃತ್ತವನ್ನೇ ದೊಡ್ಡದು ಮಾಡಿ ಎಂದರು. "ಮಾಡಬಹುದು. ಹಾಳೆ ಎರಡಾಗುತ್ತದೆ. ರಾತ್ರಿ ಪಾಳಿಯಲ್ಲಿ ಗ್ಯಾಸು ಸೋರಿದರೆ ನಿಮ್ಮ ಆಪರೇಟರು ಎರಡನೇ ಹಾಳೆ ಎಲ್ಲಿದೆ ಅಂತ ಹುಡುಕಬೇಕು." ಮಧ್ಯಾಹ್ನದವರೆಗೆ ಚೌಕಾಶಿ ನಡೆಯಿತು. ಕಂಪನಿಯ ಹೆಸರು ಬಿಟ್ಟುಹೋಯಿತು, ಅಳತೆಯ ವ್ಯಾಪ್ತಿ ಇನ್‌ಸ್ಟ್ರುಮೆಂಟ್ ಲಿಸ್ಟಿಗೆ ಹೋಯಿತು. ಅಲಾರಂ ಮಾತ್ರ ಉಳಿಯಿತು, ಬಲೂನಿನ ಹೆಗಲ ಬಳಿ ಹೊರಗೆ ಒಂದೇ ಅಕ್ಷರವಾಗಿ: ಮೇಲ್ಮಿತಿಗೆ ಎಚ್, ಕೆಳಮಿತಿಗೆ ಎಲ್. ಇಂಜಿನಿಯರು ಸಹಿ ಹಾಕಿ, ನಮ್ಮ ಜೊತೆಗೇ ಊಟ ಮಾಡಿ ಹೋದರು.

ತಂಗಿಯ ಮಗಳಿಗೆ ಇದನ್ನೇ ಹೇಳಿದೆ. ಯಂತ್ರದ ಮುಂದೆ ನಿಂತವನು ಆ ಕ್ಷಣಕ್ಕೆ ಏನು ನೋಡಿ ತೀರ್ಮಾನ ತೆಗೆದುಕೊಳ್ಳುತ್ತಾನೋ ಅಷ್ಟು ಒಳಗಿರಲಿ. ಉಳಿದದ್ದು ಪಕ್ಕದ ಪಟ್ಟಿಯಲ್ಲಿ. ಅವಳು ತೋರಿಸಿದ ಚೌಕಗಳಲ್ಲಿ ಸಾಲಿನ ಮೇಲೆ ಸಾಲು, ಬಣ್ಣದ ಮೇಲೆ ಬಣ್ಣ. ಜಾಗಕ್ಕೆ ಬೆಲೆಯಿಲ್ಲದಿದ್ದರೆ ಮಾತಿಗೂ ಬೆಲೆಯಿರುವುದಿಲ್ಲ. "ಬಳಸುವವರು ಎಲ್ಲಾ ಬೇಕು ಅಂತಾರೆ ಮಾವ" ಎಂದಳು. ತಾರಾಪುರದವರೂ ಎಲ್ಲ ಬೇಕು ಎಂದೇ ಬಂದಿದ್ದರು.

ಆದರೆ ನಮ್ಮ ಕಾಲವನ್ನು ಹೊಗಳುತ್ತಾ ಕೂರಲಾರೆ. ಒಂದು ಟ್ಯಾಗ್ ನಂಬರು ಬದಲಾಯಿತೆಂದರೆ ನಕ್ಷೆ, ಲಿಸ್ಟು, ವೈರಿಂಗ್ ಹಾಳೆ ಎಲ್ಲ ಕಡೆಯೂ ಕೈಯಿಂದಲೇ ತಿದ್ದಬೇಕು. ಬ್ಲೇಡಿನ ಮೂಲೆಯಿಂದ ಮಸಿಯನ್ನು ನವಿರಾಗಿ ಕೆರೆದು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನಯ ಮಾಡಿ, ಆಮೇಲೆ ಪೆನ್ನು ಮುಟ್ಟಿಸಬೇಕು, ಇಲ್ಲದಿದ್ದರೆ ಮಸಿ ಹರಡುತ್ತದೆ. ಮತ್ತೆ ಮತ್ತೆ ಕೆರೆದರೆ ತೂತು. ಒಂದು ಹಾಳೆ ತಪ್ಪಿದರೂ ನಕ್ಷೆಯೊಂದು ಹೇಳುತ್ತದೆ, ಲಿಸ್ಟು ಇನ್ನೊಂದು. ಇಂಥ ತಪ್ಪುಗಳು ಕಾರ್ಖಾನೆಯವರೆಗೆ ಹೋಗಿದ್ದನ್ನು ಕಂಡಿದ್ದೇನೆ. ಸಂಬಳ ಕಡಿಮೆ, ಕಣ್ಣು ಬೇಗ ಹೋಗುತ್ತಿತ್ತು.

1982ರ ಕೊನೆಗೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದ, ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್ ನಮ್ಮ ಮಾಳಿಗೆ ಹತ್ತಿದ್ದು ತೊಂಬತ್ತರ ದಶಕದಲ್ಲಿ. ಅದರಲ್ಲಿ ಬಲೂನೇ ಒಂದು ಬ್ಲಾಕ್, ಒಮ್ಮೆ ಬಿಡಿಸಿ ಬೇಕಾದಲ್ಲೆಲ್ಲ ಇಡುವ ಚಿತ್ರ; ಅಟ್‌ಡೆಫ್ ಎಂದು ಟೈಪ್ ಮಾಡಿ ಒಳಗಿನ ಅಕ್ಷರವನ್ನೂ ನಂಬರನ್ನೂ ಆಟ್ರಿಬ್ಯೂಟ್ ಮಾಡಿಟ್ಟರೆ ಬೇಕಾದಾಗ ಬದಲಿಸಬಹುದು. ನಕ್ಷೆಯಿಂದಲೇ ನಂಬರುಗಳನ್ನೆಲ್ಲ ಹೆಕ್ಕಿ ಲಿಸ್ಟು ತೆಗೆಯಬಹುದು. ಅದನ್ನು ಮೊದಲು ಕಂಡ ದಿನ ನನಗಾದ ಸಂತೋಷ ಸುಳ್ಳಲ್ಲ. 1963ರಲ್ಲೇ ಐವನ್ ಸದರ್‌ಲ್ಯಾಂಡ್ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲಿ ಮೂಲ ಚಿತ್ರವನ್ನು ತಿದ್ದಿದರೆ ಅದರ ಪ್ರತಿರೂಪಗಳೆಲ್ಲ ತಾವಾಗಿ ಬದಲಾಗುತ್ತಿದ್ದವೆಂದು ಆಮೇಲೆ ಓದಿದೆ. ನಾವು ಬ್ಲೇಡು ಹಿಡಿದು ಅಷ್ಟು ವರ್ಷ ಕೂತದ್ದು ನೆನಪಾಗಿ ಹೊಟ್ಟೆ ಉರಿಯಿತು.

ಮಾಸ್ತರು ಮೌಸ್ ಹಿಡಿಯಲಿಲ್ಲ. ಪ್ಲಾಟರಿನಿಂದ ಬಂದ ಹಾಳೆಗಳನ್ನು ಕೆಂಪು ಪೆನ್ಸಿಲಿನಿಂದ ಚೆಕ್ ಮಾಡುತ್ತಿದ್ದರು. ತಿದ್ದುವುದು ಇಷ್ಟು ಸುಲಭವಾದ ಮೇಲೆ ಚೆಕ್ ಮಾಡುವವನಿಗೆ ಬೇರೆ ಸಂಬಳ ಯಾಕೆಂದು ಮಾಲೀಕರಿಗೆ ಅನಿಸಿತು. ಮಾಸ್ತರು ಊರಿಗೆ ಹೋದರು. ಕೆಳಗಿನ ಗಾಳಾದಲ್ಲಿ ಕಟ್ಟಿಟ್ಟಿದ್ದ ಅವರ ಟ್ರೇಸಿಂಗ್‌ಗಳು 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ, ನೀರಿನಲ್ಲಿ ಮುದ್ದೆಯಾದವು. ಈಗ ಆ ಗಾಳಾಗಳೂ ಇಲ್ಲ, ಟವರು ಎದ್ದಿದೆ.

ನನಗೆ ಇವತ್ತಿಗೂ ಸಿಟ್ಟು ತರಿಸುವುದು ಒಂದು ಸಂಗತಿ. ನಾವು ಒಂದು ನಂಬರು ಬದಲಿಸಿದರೂ ಅದರ ಸುತ್ತ ಮೋಡದಂಥ ಗೆರೆ ಎಳೆದು, ಪಕ್ಕದಲ್ಲಿ ತ್ರಿಕೋನ ಹಾಕಿ, ಮೂಲೆಯ ರಿವಿಜನ್ ಕಾಲಮಿನಲ್ಲಿ ತಾರೀಕು ಬರೆದು, ಬರೆದವರು, ಚೆಕ್ ಮಾಡಿದವರು, ಒಪ್ಪಿದವರು ಮೂವರೂ ಸಹಿ ಹಾಕುತ್ತಿದ್ದೆವು. ಈಗ ಚೌಕದೊಳಗೆ ಬೆರಳಿಟ್ಟು 15 ಇದ್ದದ್ದನ್ನು 50 ಮಾಡಿದರೆ ಮುಗಿಯಿತು. ನಕ್ಷೆಯ ಮುಖದ ಮೇಲೆ ಗುರುತೇ ಉಳಿಯುವುದಿಲ್ಲ. ಯಾರು ಬದಲಿಸಿದ್ದೆಂದು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ ಎನ್ನುತ್ತಾರೆ. ಇರಬಹುದು. ರಾತ್ರಿ ಎರಡು ಗಂಟೆಗೆ ಪಂಪಿನ ಮುಂದೆ ನಿಂತ ಆಪರೇಟರನ ಕೈಯಲ್ಲಿರುವುದು ಪ್ರಿಂಟ್ ತೆಗೆದ ಹಾಳೆ. ಆ ಸಂಖ್ಯೆ ನಿನ್ನೆ ಬದಲಾಯಿತೆಂದು ಅವನಿಗೆ ಹೇಳಬೇಕಾದ್ದು ಆ ಹಾಳೆಯೇ.